ಪ್ರೋಟೀನ್ ತೂಗಿ ಸ್ತನ ಕ್ಯಾನ್ಸರ್ ಹಿಡಿಯಬಹುದೇ?

(ದಾವಣಗೆರೆಯ ವಿದ್ಯಾನಗರದಲ್ಲಿ ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು ಹಾಗೂ ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ ‘ಒಂದು ಹನಿ ರಕ್ತದಿಂದ ಸ್ತನ ಕ್ಯಾನ್ಸರ್ ಪತ್ತೆ’. ಆಮಂತ್ರಣ ಪತ್ರಿಕೆಯಲ್ಲಿ ಅದರ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆಯೂ ಇದೆ. ಅದನ್ನು ಅಳಿಸಿ ಪ್ರಶ್ನಾರ್ಥಕ ಹಾಕಿಕೊಂಡು ಮಾತು ಶುರು ಮಾಡುತ್ತೇನೆ, ಸಂಘಟಕರು ಬೇಸರ ಮಾಡಿಕೊಳ್ಳಬಾರದು. ಇನ್ನೊಂದು ಮಾತು: ನಾನು ವೈದ್ಯೆಯಲ್ಲ, ಜೀವರಸಾಯನಶಾಸ್ತ್ರ ಪಾಠ ಮಾಡುವವಳು. ಯಂತ್ರ ಏನನ್ನು ಅಳೆಯುತ್ತದೆ ಎಂಬುದನ್ನು ಹೇಳಬಲ್ಲೆ. ಚಿಕಿತ್ಸೆಯ ಸಲಹೆಗೆ ವೈದ್ಯರ ಬಳಿಗೇ ಹೋಗಬೇಕು.

ಇಂಥ ಪರೀಕ್ಷೆಯ ಆಸೆ ಹುಟ್ಟಿದ್ದೇಕೆ ಎಂಬುದನ್ನು ಮೊದಲು ನೋಡೋಣ. ಭಾರತದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್ ಎಲ್ಲಕ್ಕಿಂತ ಹೆಚ್ಚು. 2020ರ ಜಾಗತಿಕ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷ ಸುಮಾರು 1.78 ಲಕ್ಷ ಹೊಸ ರೋಗಿಗಳು, ಸುಮಾರು 90 ಸಾವಿರ ಸಾವು. ಬೇಗ ಗೊತ್ತಾದರೆ ವಾಸಿಯಾಗುವ ಸಾಧ್ಯತೆ ಬಹಳ ಹೆಚ್ಚಿರುವ ಕಾಯಿಲೆ ಇದು. ಆದರೂ ನಮ್ಮವರು ಗಂಟು ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದ ಮೇಲೆ, ಚರ್ಮ ಎಳೆದುಕೊಂಡ ಮೇಲೆ ಬರುತ್ತಾರೆ. ನೋವಿಲ್ಲವಲ್ಲ ಎಂದು ಸುಮ್ಮನಿರುತ್ತಾರೆ. ನೋವಿಲ್ಲದಿರುವುದೇ ಈ ಕಾಯಿಲೆಯ ಮೋಸ. ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಇದೆ ನಿಜ. ಅದಕ್ಕೆ ಯಂತ್ರ ಬೇಕು, ಚಿತ್ರ ಓದಬಲ್ಲ ರೇಡಿಯಾಲಜಿಸ್ಟ್ ಬೇಕು, ಅಂಗಿ ಬಿಚ್ಚುವ ಸಂಕೋಚ ದಾಟಬೇಕು. ಚಿಕ್ಕ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಅವರಲ್ಲಿ ಗಂಟು ಸ್ಪಷ್ಟವಾಗಿ ಕಾಣುವುದೂ ಕಷ್ಟ. ಸಕ್ಕರೆ ಕಾಯಿಲೆ ನೋಡಲು ಹೇಗೂ ರಕ್ತ ಕೊಡುತ್ತೇವೆ, ಅದೇ ಸೂಜಿಯಲ್ಲಿ ಇದೂ ಗೊತ್ತಾಗಿಬಿಟ್ಟರೆ ಎಷ್ಟು ಚೆನ್ನ! ಈ ಆಸೆಯಲ್ಲಿ ತಪ್ಪೇನೂ ಇಲ್ಲ.

ಜೀವಕೋಶದ ಕೆಲಸವನ್ನೆಲ್ಲ ಮಾಡುವುದು ಪ್ರೋಟೀನ್‌ಗಳು. ಕೋಶ ದಾರಿ ತಪ್ಪಿದರೆ ಅದು ತಯಾರಿಸುವ ಪ್ರೋಟೀನ್‌ಗಳ ಬಗೆ ಮತ್ತು ಪ್ರಮಾಣ ಎರಡೂ ಬದಲಾಗುತ್ತವೆ. ಇದು ಹೊಸ ವಿಷಯವಲ್ಲ. ನಿಮ್ಮಲ್ಲಿ ಯಾರಾದರೂ ರೋಗಿಯ ಜೊತೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿದ್ದರೆ ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಹೆಸರುಗಳನ್ನು ನೋಡಿರುತ್ತೀರಿ. ಮೂರೂ ಪ್ರೋಟೀನ್‌ಗಳೇ; ಮೊದಲೆರಡು ಹಾರ್ಮೋನನ್ನು ಹಿಡಿದುಕೊಳ್ಳುವಂಥವು. ಗೆಡ್ಡೆಯ ಚೂರನ್ನು ತೆಳುವಾಗಿ ಸೀಳಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಕಂದು ಬಣ್ಣ ಎಷ್ಟು ಬಂದಿದೆ ಎಂದು ನೋಡುತ್ತಾರೆ. ಹರ್-2 ಹೆಚ್ಚಿದ್ದರೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಕೊಡುತ್ತಾರೆ; ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಮೂರು ಪ್ರೋಟೀನ್ ನೋಡಿಯೇ ಇಷ್ಟು ತೀರ್ಮಾನಿಸಬಹುದಾದರೆ ಮುನ್ನೂರು, ಮೂರು ಸಾವಿರ ಪ್ರೋಟೀನ್‌ಗಳನ್ನು ಒಟ್ಟಿಗೆ ನೋಡಿದರೆ? ಅದೂ ಗೆಡ್ಡೆಯನ್ನು ಮುಟ್ಟದೆ, ರಕ್ತದಲ್ಲೇ? ಪ್ರೋಟೀನ್ ಪ್ರೊಫೈಲಿಂಗ್ ಹುಟ್ಟಿದ್ದು ಈ ಪ್ರಶ್ನೆಯಿಂದ.

ನೋಡುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಅಣುಗಳನ್ನು ತೂಗುವ ತಕ್ಕಡಿ. ಇದು ನೂರು ವರ್ಷ ದಾಟಿದ ಯಂತ್ರ. ಫ್ರಾನ್ಸಿಸ್ ಆ್ಯಸ್ಟನ್‌ಗೆ ಇದರ ಕೆಲಸಕ್ಕಾಗಿ ನೊಬೆಲ್ ಬಂದದ್ದು 1922ರಲ್ಲಿ. ಆದರೆ ಅದರಲ್ಲಿ ತೂಗಲು ಅಣು ಆವಿಯಾಗಿ ಹಾರಬೇಕು, ಅದಕ್ಕೆ ವಿದ್ಯುದಂಶವೂ ಇರಬೇಕು. ಪ್ರೋಟೀನ್‌ನಂಥ ದೊಡ್ಡ ಅಣುವನ್ನು ಕಾಯಿಸಿದರೆ ಹಾರುವ ಮೊದಲೇ ಸೀದುಹೋಗುತ್ತದೆ. ಈ ತೊಡಕು ಬಿಡಿಸಿದವರಲ್ಲಿ ಒಬ್ಬರು ಜಪಾನಿನ ಕೊಯಿಚಿ ತನಾಕ. ಕ್ಯೋಟೋ ನಗರದ ಶಿಮಾಡ್ಜು ಕಂಪನಿಯಲ್ಲಿ ಎಂಜಿನಿಯರ್, ಓದಿದ್ದು ವಿದ್ಯುತ್ ಎಂಜಿನಿಯರಿಂಗ್ ಪದವಿ. 1985ರಲ್ಲಿ ಅತಿ ನುಣುಪಾದ ಕೋಬಾಲ್ಟ್ ಪುಡಿಗೆ ಅಸಿಟೋನ್ ಬದಲು ಕೈತಪ್ಪಿ ಗ್ಲಿಸರಿನ್ ಬೆರೆಸಿಬಿಟ್ಟರು. ಎಸೆಯಲು ಮನಸ್ಸು ಬರದೆ ಅದರ ಮೇಲೇ ಲೇಸರ್ ಬಿಟ್ಟು ನೋಡಿದರು. ಅಣು ಮುರಿಯದೆ ಹಾರಿತು. 2002ರಲ್ಲಿ ಅವರಿಗೆ ಜಾನ್ ಫೆನ್ ಮತ್ತು ಕುರ್ಟ್ ವುಥ್ರಿಚ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂತು. ಹಿಂದಿನ ಸಾಲಿನಲ್ಲಿರುವ ವಿದ್ಯಾರ್ಥಿಗಳು ಗಮನಿಸಿ: ಪಿಎಚ್‌.ಡಿ. ಇರಲಿಲ್ಲ.

ಈಗ ಅಣು ಹಾರಿತು. ತೂಗುವುದು ಹೇಗೆ? ಭದ್ರಾ ನಾಲೆಯ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕಣದಲ್ಲಿ ಭತ್ತ ತೂರುವಾಗ ಮೊರದಿಂದ ಬೀಳುವ ಎಲ್ಲಕ್ಕೂ ತಗಲುವುದು ಒಂದೇ ಗಾಳಿ. ಜಳ್ಳು ದೂರ ಹಾರುತ್ತದೆ, ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ಈ ಯಂತ್ರದಲ್ಲೂ ಎಲ್ಲ ಅಣುಗಳಿಗೂ ಒಂದೇ ತಳ್ಳು, ಸುಮಾರು 20,000 ವೋಲ್ಟ್‌ನದು. ಗಾಳಿಯೇ ಇಲ್ಲದ ಕೊಳವೆಯಲ್ಲಿ ಹಗುರಾದದ್ದು ಮೊದಲು ಓಡಿ ಕೊನೆ ಮುಟ್ಟುತ್ತದೆ, ಭಾರದ್ದು ತಡವಾಗಿ ಬರುತ್ತದೆ. ಬಂದ ಹೊತ್ತು ನೋಡಿ ತೂಕ ಲೆಕ್ಕ ಹಾಕುತ್ತಾರೆ. ಜಲಜನಕದ ಒಂದು ಪರಮಾಣುವಿನ ತೂಕ ಸುಮಾರು ಒಂದು ಡಾಲ್ಟನ್. ಒಂದು ಮೀಟರ್ ಉದ್ದದ ಕೊಳವೆಯನ್ನು 8,900 ಡಾಲ್ಟನ್‌ನ ತುಣುಕು ಸುಮಾರು 48 ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ, 4,300 ಡಾಲ್ಟನ್‌ನದು ಸುಮಾರು 33ರಲ್ಲಿ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಮೈಕ್ರೋಸೆಕೆಂಡ್. ಪರದೆಯ ಮೇಲೆ ಗೆರೆಯೊಂದು ಓಡುತ್ತಾ ಅಲ್ಲಲ್ಲಿ ಶಿಖರ ಎಬ್ಬಿಸುತ್ತದೆ. ಒಂದೊಂದು ಶಿಖರ ಒಂದೊಂದು ತೂಕ. ಆ ಇಡೀ ಚಿತ್ರವೇ ಪ್ರೊಫೈಲ್.

ಈ 8,900 ಮತ್ತು 4,300 ನಾನು ಸುಮ್ಮನೆ ಆರಿಸಿಕೊಂಡ ಸಂಖ್ಯೆಗಳಲ್ಲ. 2002ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ತಂಡವೊಂದು 169 ಹೆಂಗಸರ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಪರೀಕ್ಷಿಸಿತು. 103 ಮಂದಿಗೆ ಸ್ತನ ಕ್ಯಾನ್ಸರ್, 25 ಮಂದಿಗೆ ಸ್ತನದಲ್ಲಿ ಅಪಾಯವಿಲ್ಲದ ತೊಂದರೆ, 41 ಮಂದಿ ಆರೋಗ್ಯವಂತರು. ಸೆಲ್ಡಿ ಎಂಬ ವಿಧಾನದಲ್ಲಿ, ಅಂದರೆ ಪ್ರೋಟೀನ್ ಅಂಟಿಕೊಳ್ಳುವ ಪುಟ್ಟ ಚಿಪ್ ಮೇಲೆ ಸೀರಂ ಇಟ್ಟು ಲೇಸರ್ ಹಾಯಿಸಿ, 4,300, 8,100 ಮತ್ತು 8,900 ಡಾಲ್ಟನ್ ಬಳಿಯ ಮೂರು ಶಿಖರಗಳನ್ನು ಆರಿಸಿದರು. ಈ ಮೂರನ್ನು ಸೇರಿಸಿ ನೋಡಿದಾಗ ಕ್ಯಾನ್ಸರ್ ಇದ್ದವರಲ್ಲಿ ಶೇ. 93ರಷ್ಟು ಮಂದಿ ಸಿಕ್ಕಿಬಿದ್ದರು, ಇಲ್ಲದವರಲ್ಲಿ ಶೇ. 91ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು. ಅದೇ ವರ್ಷ ಅಂಡಾಶಯದ ಕ್ಯಾನ್ಸರ್ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನ ಇನ್ನೂ ಜೋರಾಗಿತ್ತು: 50 ರೋಗಿಗಳಲ್ಲಿ 50 ಮಂದಿಯನ್ನೂ ಹಿಡಿದೆವು, ರೋಗವಿಲ್ಲದ 66ರಲ್ಲಿ 63 ಮಂದಿಯನ್ನು ಸರಿಯಾಗಿ ಗುರುತಿಸಿದೆವು. ಲೋಕಕ್ಕೆ ಇನ್ನೇನು ಬೇಕು?

ಆ ಮೇಲೆ ಏನಾಯಿತು ಎಂಬುದೇ ನನ್ನ ಮಾತಿನ ತಿರುಳು. ಅದಕ್ಕಾಗಿ ಎರಡು ರಕ್ತದ ಟ್ಯೂಬ್‌ಗಳ ಹಿಂದೆ ಸ್ವಲ್ಪ ನಡೆಯೋಣ.

ಮೊದಲನೆಯದು ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸಿದ್ಧವಾಗಿರುವ ರೋಗಿಯದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದದ್ದು. ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಿತು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿತು, ಮೇಲೆ ನಿಂತ ಹಳದಿ ತಿಳಿಯನ್ನು ತೆಗೆದು ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಇಟ್ಟರು. ಎರಡನೆಯದು ಜಗಳೂರು ಕಡೆಯ ಹಳ್ಳಿಯೊಂದರ ಶಿಬಿರದಲ್ಲಿ ಆರೋಗ್ಯವಂತ ಹೆಂಗಸಿನಿಂದ ತೆಗೆದದ್ದು ಎಂದುಕೊಳ್ಳಿ. ಆಕೆ ತಿಂಡಿ ತಿಂದು ಬಂದಿದ್ದಾಳೆ. ಏಪ್ರಿಲ್ ಬಿಸಿಲು. ಟ್ಯೂಬ್ ಸ್ಟ್ಯಾಂಡಿನಲ್ಲೇ ನಿಂತಿದೆ; ಎಲ್ಲರದೂ ಆಗಲಿ, ಒಟ್ಟಿಗೇ ಕಳಿಸೋಣ ಎಂದಿದ್ದಾರೆ. ಜೀಪಿನಲ್ಲಿ ಕುಲುಕಾಡಿ ದಾವಣಗೆರೆಗೆ ಬರುವ ಹೊತ್ತಿಗೆ ಸಂಜೆಯಾಗಿದೆ. ಒಂದಷ್ಟು ಕೆಂಪು ಕಣಗಳು ಒಡೆದು ಸೀರಂ ನಸುಗೆಂಪಾಗಿದೆ.

ಟ್ಯೂಬಿನೊಳಗೆ ಬಂದ ಕೂಡಲೇ ರಕ್ತ ಸುಮ್ಮನೆ ಕೂರುವುದಿಲ್ಲ. ಹೆಪ್ಪುಗಟ್ಟುವುದೆಂದರೆ ಕಿಣ್ವಗಳು ಪ್ರೋಟೀನ್‌ಗಳನ್ನು ಒಂದರ ಹಿಂದೆ ಒಂದು ಕತ್ತರಿಸುತ್ತಾ ಹೋಗುವುದು. ಆ ಕತ್ತರಿಗಳು ಹೆಪ್ಪು ಕಟ್ಟಿದ ಮೇಲೂ ನಿಲ್ಲುವುದಿಲ್ಲ. ಹೊತ್ತು ಹೋದಷ್ಟೂ, ಬಿಸಿ ಏರಿದಷ್ಟೂ ತುಣುಕುಗಳು ಹೆಚ್ಚುತ್ತವೆ. ಯಂತ್ರ ತೂಗುವುದು ಈ ತುಣುಕುಗಳನ್ನೇ. ಹಾಪ್ಕಿನ್ಸ್ ತಂಡವೇ 2005ರಲ್ಲಿ ಇನ್ನೊಂದು ಗುಂಪಿನ ಮಾದರಿಗಳೊಂದಿಗೆ ಕೆಲಸ ಮುಂದುವರಿಸಿ, 8,900ರ ಶಿಖರ ಯಾವ ಪ್ರೋಟೀನ್ ಎಂದು ಗುರುತಿಸಿತು. ಅದು ಮೈಯ ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಸಿ-3 ಎಂಬ ಪ್ರೋಟೀನ್‌ನಿಂದ ಕಳಚಿದ ಸಿ-3ಎ ಎಂಬ ತುಣುಕು, ಅದರ ಬಾಲದ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರಪಳಿಯ ಒಂದು ಕೊಂಡಿ, ಉದುರಿದ ರೂಪ. 8,100ರದ್ದು ಅದೇ ತುಣುಕಿನ ಇನ್ನಷ್ಟು ಮೊಟಕಾದ ರೂಪ. ಸಿ-3 ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲಿ. ಸೋಂಕು ತಗಲಿದರೆ, ಊತ ಬಂದರೆ ಅದು ತುಂಡಾಗುತ್ತದೆ. ರಕ್ತವನ್ನು ಟ್ಯೂಬಿನಲ್ಲಿ ಬೆಚ್ಚಗೆ ಬಿಟ್ಟರೂ ತುಂಡಾಗುತ್ತದೆ.

ಇದರ ಅರ್ಥ ಏನೆಂದು ಯೋಚಿಸಿ. ರೋಗಿಗಳ ಟ್ಯೂಬ್‌ಗಳೆಲ್ಲ ಒಂದು ರೀತಿ, ಆರೋಗ್ಯವಂತರ ಟ್ಯೂಬ್‌ಗಳೆಲ್ಲ ಇನ್ನೊಂದು ರೀತಿ ಬಂದಿದ್ದರೆ ಯಂತ್ರ ಎರಡು ಗುಂಪನ್ನು ಚೆನ್ನಾಗಿಯೇ ಬೇರ್ಪಡಿಸುತ್ತದೆ. ಆದರೆ ಅದು ಬೇರ್ಪಡಿಸಿದ್ದು ಕ್ಯಾನ್ಸರನ್ನಲ್ಲ, ಕಾದ ಹೊತ್ತನ್ನು. ಯಂತ್ರದ ತೂಕ ಸರಿಯಾಗಿಯೇ ಇರುತ್ತದೆ, ನಮ್ಮ ತೀರ್ಮಾನ ತಪ್ಪಿರುತ್ತದೆ. ಹಾಗಾಗಿಯೇ ಇಂಥ ಸಂಶೋಧನೆಯ ವರದಿ ಕೈಗೆ ಬಂದರೆ ನಾನು ಫಲಿತಾಂಶದ ಕೋಷ್ಟಕವನ್ನು ಆಮೇಲೆ ನೋಡುತ್ತೇನೆ. ರಕ್ತ ತೆಗೆದದ್ದು ಯಾರು, ಎಲ್ಲಿ, ಯಾವ ಟ್ಯೂಬಿನಲ್ಲಿ, ಎಷ್ಟು ಹೊತ್ತು ಇಟ್ಟರು, ಎಷ್ಟು ಸಲ ಫ್ರೀಜರಿನಲ್ಲಿಟ್ಟು ಕರಗಿಸಿದರು ಎಂಬ ಪ್ಯಾರಾ ಮೊದಲು. ಆ ಪ್ಯಾರಾ ಇಲ್ಲದ ವರದಿಯನ್ನು ಮಡಚಿಡುತ್ತೇನೆ.

ಅಂಡಾಶಯದ ಆ ಜೋರಾದ ಫಲಿತಾಂಶಕ್ಕೂ ಇದೇ ಗತಿಯಾಯಿತು. ಸಂಖ್ಯಾಶಾಸ್ತ್ರಜ್ಞ ಕೀತ್ ಬ್ಯಾಗರ್ಲಿ ಮತ್ತು ಸಂಗಡಿಗರು ಸಾರ್ವಜನಿಕವಾಗಿ ಲಭ್ಯವಿದ್ದ ಅದೇ ದತ್ತಾಂಶವನ್ನು ಮತ್ತೆ ಬಿಡಿಸಿ ನೋಡಿ 2004ರಲ್ಲಿ ಬರೆದರು. ಪ್ರಯೋಗದ ನಡುವೆ ವಿಧಾನ ಬದಲಾದಂತಿದೆ, ರೋಗಿ ಮತ್ತು ಆರೋಗ್ಯವಂತರನ್ನು ಬರೀ ಯಂತ್ರದ ಗದ್ದಲ ತುಂಬಿದ ಭಾಗದ ಗೆರೆಗಳಿಂದಲೂ ಬೇರ್ಪಡಿಸಬಹುದು ಎಂದು ತೋರಿಸಿದರು. ಪ್ರೋಟೀನೇ ಇಲ್ಲದ ಕಡೆ ರೋಗದ ಗುರುತು ಸಿಕ್ಕಿತೆಂದರೆ ಅದು ರೋಗದ ಗುರುತಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಇದೇ ಸೆಲ್ಡಿ ವಿಧಾನವನ್ನು ಹಲವು ಕೇಂದ್ರಗಳು ಸೇರಿ ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ, 2008ರಲ್ಲಿ, ಅದು ನೆಚ್ಚುವಂತಿಲ್ಲ ಎಂದು ತೇಲಿತು.

ಇಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ಕೇಳಿದ: “ಮೇಡಂ, ಆಗ ಕಂಪ್ಯೂಟರ್ ಅಷ್ಟು ಚುರುಕಿರಲಿಲ್ಲ. ಈಗ ಕೃತಕ ಬುದ್ಧಿಮತ್ತೆ ಇದೆಯಲ್ಲ?” ಇದೆ, ಮತ್ತು ಟ್ಯೂಬ್ ಕಾದ ಹೊತ್ತನ್ನು ಅದು ಇನ್ನೂ ಚುರುಕಾಗಿ ಕಂಡುಹಿಡಿಯುತ್ತದೆ. ಕಲಿಸಿದ ಮಾದರಿಯಲ್ಲಿ ಇರುವ ವ್ಯತ್ಯಾಸವನ್ನು ಅದು ಕಲಿಯುತ್ತದೆ. ಆ ವ್ಯತ್ಯಾಸ ಸ್ತನದ್ದೋ ಫ್ರೀಜರಿನದ್ದೋ ಎಂದು ಕೇಳುವ ಬುದ್ಧಿ ನಮ್ಮದೇ ಆಗಬೇಕು.

ಇನ್ನೊಂದು ತೊಡಕು ರಕ್ತದ್ದೇ. ಒಂದು ಲೀಟರ್ ಪ್ಲಾಸ್ಮಾದಲ್ಲಿ (ಕಣಗಳನ್ನು ಬಿಟ್ಟು ಉಳಿದ ರಕ್ತದ ದ್ರವ) ಆಲ್ಬುಮಿನ್ ಎಂಬ ಪ್ರೋಟೀನ್ ಒಂದೇ 40 ಗ್ರಾಂ ಆಸುಪಾಸು ಇರುತ್ತದೆ. ಅತಿ ಹೆಚ್ಚಿರುವ ಇಪ್ಪತ್ತೆರಡು ಪ್ರೋಟೀನ್‌ಗಳೇ ಒಟ್ಟು ತೂಕದ ಶೇ. 99ನ್ನು ತಿಂದುಹಾಕುತ್ತವೆ. ಮಿಕ್ಕ ಸಾವಿರಾರು ಪ್ರೋಟೀನ್‌ಗಳು ಉಳಿದ ಒಂದು ಪಾಲಿನಲ್ಲಿ ಹಂಚಿಹೋಗಿವೆ. ಅತಿ ಹೆಚ್ಚಿರುವ ಪ್ರೋಟೀನ್‌ಗೂ ಅಳೆಯಲು ಸಿಗುವ ಅತಿ ಕಡಿಮೆಯದಕ್ಕೂ ಸಾವಿರ ಕೋಟಿ ಪಟ್ಟು ಅಂತರ. ಒಂದು ಸೆಂಟಿಮೀಟರಿನ ಪುಟ್ಟ ಗೆಡ್ಡೆಯಿಂದ ಸೋರುವ ಪ್ರೋಟೀನ್ ಈ ರಾಶಿಯ ತಳದಲ್ಲಿರುತ್ತದೆ. ಸೆಲ್ಡಿ ಕಾಣುತ್ತಿದ್ದದ್ದು ರಾಶಿಯ ಮೇಲ್ಭಾಗ ಮಾತ್ರ, ಅವು ಗೆಡ್ಡೆಯಿಂದಲೇ ಬಂದವು ಎನ್ನಲು ಆಧಾರವಿಲ್ಲ ಎಂದು ಟೊರಾಂಟೋದ ವಿಜ್ಞಾನಿ ಡಯಮಾಂಡಿಸ್ ಆ ದಿನಗಳಲ್ಲೇ ಪಟ್ಟುಹಿಡಿದು ಹೇಳುತ್ತಿದ್ದರು. ಹಬ್ಬದ ಊಟದಲ್ಲಿ ಉಪ್ಪು ಹೆಚ್ಚಾಯಿತು ಎನ್ನುವವರಂತೆ ಆಗ ಅವರನ್ನು ನೋಡಿದವರೂ ಇದ್ದರು.

ಇಷ್ಟೆಲ್ಲ ಸರಿಪಡಿಸಿ ಆ ಶೇ. 93 ಮತ್ತು ಶೇ. 91 ನಿಜವೇ ಎಂದು ಒಪ್ಪಿಕೊಳ್ಳೋಣ. ಈಗ ಲೆಕ್ಕ ಹಾಕಿ. ನಮ್ಮ ಜಿಲ್ಲೆಯ ಒಂದು ಲಕ್ಷ ಹೆಂಗಸರಿಗೆ ಪರೀಕ್ಷೆ ಮಾಡಿದೆವು, ಅವರಲ್ಲಿ ನೂರು ಮಂದಿಗೆ ಇನ್ನೂ ಗೊತ್ತಾಗದ ಕ್ಯಾನ್ಸರ್ ಇದೆ ಎಂದು ಊಹಿಸಿಕೊಳ್ಳಿ. ನೂರರಲ್ಲಿ 93 ಮಂದಿ ಸಿಗುತ್ತಾರೆ, ಒಳ್ಳೆಯದು. ಉಳಿದ 99,900 ಮಂದಿಯಲ್ಲಿ ಶೇ. 9 ಎಂದರೆ 8,991 ಮಂದಿಗೆ ಕಾಯಿಲೆಯಿಲ್ಲದಿದ್ದರೂ ‘ಇದೆ’ ಎಂಬ ಚೀಟಿ ಬರುತ್ತದೆ. ‘ಇದೆ’ ಎನಿಸಿಕೊಂಡವರಲ್ಲಿ ನಿಜವಾಗಿ ಇರುವುದು ನೂರಕ್ಕೆ ಒಬ್ಬರಿಗೆ. ಒಂಬತ್ತು ಸಾವಿರ ಹೆಂಗಸರು ಮ್ಯಾಮೋಗ್ರಾಂ, ಸ್ಕ್ಯಾನ್, ಬಯಾಪ್ಸಿಗೆ ಸಾಲು ನಿಲ್ಲಬೇಕು. ಅಷ್ಟು ಹೊತ್ತಿಗೆ ಸುದ್ದಿ ಊರೆಲ್ಲ ಹರಡಿರುತ್ತದೆ. ಮದುವೆ ನಿಶ್ಚಯವಾದ ಮಗಳಿರುವ ಮನೆಯಲ್ಲಿ ಆ ಚೀಟಿ ಏನು ಮಾಡುತ್ತದೆ ಎಂದು ಆಶಾ ಕಾರ್ಯಕರ್ತೆಯರಿಗೆ ನಾನು ಹೇಳಬೇಕಿಲ್ಲ. ಕಾಯಿಲೆ ಇದ್ದೂ ‘ಇಲ್ಲ’ ಎನಿಸಿಕೊಂಡ ಏಳು ಮಂದಿಯದು ಇನ್ನೊಂದು ಕಥೆ: ಮುಂದೆ ಗಂಟು ಕೈಗೆ ಸಿಕ್ಕರೂ, ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲವಲ್ಲ ಎಂದು ಕೂರುತ್ತಾರೆ.

ಹಾಗಾದರೆ ಯಂತ್ರ ದಂಡವೇ? ಖಂಡಿತ ಅಲ್ಲ. ಇದೇ ಬಗೆಯ ತೂಗುಯಂತ್ರ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ರೋಗಾಣು ಯಾವುದೆಂದು ನಿಮಿಷಗಳಲ್ಲಿ ಹೇಳುತ್ತಿದೆ. ಅಲ್ಲಿ ತೂಗುವುದು ತಟ್ಟೆಯಲ್ಲಿ ಬೆಳೆಸಿದ ಒಂದೇ ಜಾತಿಯ ಬ್ಯಾಕ್ಟೀರಿಯಾ. ಅಡ್ಡ ಬರಲು ಆಲ್ಬುಮಿನ್ ಇಲ್ಲ. ಗೆಡ್ಡೆಯ ಚೂರನ್ನೇ ತೂಗುವ ಕೆಲಸವೂ ಚೆನ್ನಾಗಿ ಸಾಗಿದೆ. 2016ರಲ್ಲಿ 77 ಸ್ತನ ಗೆಡ್ಡೆಗಳ ಜೀನ್ ಮತ್ತು ಪ್ರೋಟೀನ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಅಧ್ಯಯನ ‘ನೇಚರ್’ ಪತ್ರಿಕೆಯಲ್ಲಿ ಬಂತು. ಜೀನ್‌ನಲ್ಲಿ ಆದ ಬದಲಾವಣೆ ಪ್ರೋಟೀನ್ ತನಕ ಮುಟ್ಟಿತೇ ಇಲ್ಲವೇ ಎಂಬುದು ಅದರಿಂದ ತಿಳಿಯುತ್ತದೆ. ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್ಕಿನ್ಸ್ ಸೇರಿ 2014ರಲ್ಲಿ ಮನುಷ್ಯನ ಪ್ರೋಟೀನ್‌ಗಳ ಕರಡು ನಕ್ಷೆ ಹೊರತಂದವು. 17,294 ಜೀನ್‌ಗಳ ಪ್ರೋಟೀನ್‌ಗಳನ್ನು ಇದೇ ಯಂತ್ರದಿಂದ ಗುರುತಿಸಿದ ಕೆಲಸ ಅದು, ಹೆಮ್ಮೆಪಡಬಹುದು. ಅಂಡಾಶಯದ ಕಡೆಯಿಂದಲೂ ಒಂದು ಪರೀಕ್ಷೆ ದಡ ಸೇರಿತು: ಐದು ಪ್ರೋಟೀನ್‌ಗಳ ಒವಿಎ-1, 2009ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆದರೆ ಅದು ಆರೋಗ್ಯವಂತರನ್ನು ಜಾಲಾಡಲು ಅಲ್ಲ. ಗೆಡ್ಡೆ ಇದೆ ಎಂದು ಮೊದಲೇ ಗೊತ್ತಿದ್ದು ಶಸ್ತ್ರಚಿಕಿತ್ಸೆಗೆ ಹೊರಟವರನ್ನು ಯಾವ ವೈದ್ಯರ ಬಳಿ ಕಳಿಸಬೇಕು ಎಂದು ನಿರ್ಧರಿಸಲು. ಕೇಳುವ ಪ್ರಶ್ನೆ ಸಣ್ಣದಾದಾಗ ಉತ್ತರ ಗಟ್ಟಿಯಾಯಿತು.

ಈಗ ನಮ್ಮ ಕೈಯಲ್ಲಿ ಏನಿದೆ? ಕೈಯೇ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ 1,51,538 ಹೆಂಗಸರಿದ್ದರು. ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಸ್ತನಗಳನ್ನು ಮುಟ್ಟಿ ಪರೀಕ್ಷಿಸಿದರು. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಬಂತು. ಪರೀಕ್ಷೆಗೊಳಗಾದ ಗುಂಪಿನಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ಕಡಿಮೆ ಇತ್ತು, 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ತಗ್ಗಿತ್ತು. ಐವತ್ತರ ಒಳಗಿನವರಲ್ಲಿ ಸಾವು ತಗ್ಗಲಿಲ್ಲ ಎಂಬುದನ್ನೂ ಮುಚ್ಚಿಡದೆ ಬರೆದಿದ್ದಾರೆ. ನನಗೆ ಆ ವರದಿಯ ಮೇಲೆ ನಂಬಿಕೆ ಹೆಚ್ಚಿದ್ದು ಅಲ್ಲೇ. ಸರ್ಕಾರದ ಕಾರ್ಯಕ್ರಮದಲ್ಲೂ 30ರಿಂದ 65ರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಇದೆ. ಕಾಗದದಲ್ಲಿ ಇರುವಷ್ಟು ಹಳ್ಳಿಯಲ್ಲಿ ಇದೆಯೇ ಎಂಬ ಪ್ರಶ್ನೆಯನ್ನು ನೀವೇ ಮೇಲಿನವರಿಗೆ ಕೇಳಬೇಕು.

ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳು. ಹರಿಹರದಿಂದ ಬಂದಿದ್ದ ಒಬ್ಬ ತಾಯಿ ಪ್ರಯೋಗಾಲಯವೊಂದರ ಕರಪತ್ರ ತೋರಿಸಿದರು: “ಇಡೀ ದೇಹದ ಪ್ಯಾಕೇಜ್‌ನಲ್ಲಿ ಸ್ತನ ಕ್ಯಾನ್ಸರ್ ರಕ್ತ ಪರೀಕ್ಷೆಯೂ ಸೇರಿದೆ ಎಂದಿದ್ದಾರೆ. ಮಾಡಿಸಲೇನಮ್ಮ?” ಕರಪತ್ರದಲ್ಲಿದ್ದದ್ದು ಸಿಎ 15-3. ಅದೂ ಪ್ರೋಟೀನೇ. ಕಾಯಿಲೆ ಹರಡಿದವರಲ್ಲಿ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ನೋಡಲು ವೈದ್ಯರು ಅದನ್ನು ಬಳಸುತ್ತಾರೆ. ಶುರುವಿನ ಹಂತದಲ್ಲಿ ಬಹಳಷ್ಟು ಮಂದಿಯಲ್ಲಿ ಅದು ಮಾಮೂಲಿನಷ್ಟೇ ಇರುತ್ತದೆ, ಯಕೃತ್ತಿನ ತೊಂದರೆಯಲ್ಲಿ ಸುಮ್ಮನೆ ಏರುವುದೂ ಉಂಟು. ಆರೋಗ್ಯವಾಗಿರುವವರು ಅದಕ್ಕೆ ದುಡ್ಡು ಕೊಡಬೇಡಿ. ಗಂಟು ಕೈಗೆ ಸಿಕ್ಕಿದ್ದರೆ ರಕ್ತ ಪರೀಕ್ಷೆಗೆ ಕಾಯಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.

ಇನ್ನೊಂದು ಪ್ರಶ್ನೆ ಆಶಾ ಕಾರ್ಯಕರ್ತೆಯೊಬ್ಬರದು: “ರೋಗಿ ಜೊತೆ ಬಯಾಪ್ಸಿಗೆ ಹೋದಾಗ ನಾವು ಏನು ನೋಡಿಕೊಳ್ಳಬೇಕು ಮೇಡಂ?” ಇದು ಇವತ್ತಿನ ಅತ್ಯುತ್ತಮ ಪ್ರಶ್ನೆ. ಟ್ಯೂಬಿನ ರಕ್ತದಂತೆ ಗೆಡ್ಡೆಯ ಚೂರೂ ಕೆಡುತ್ತದೆ. ತೆಗೆದ ಚೂರು ಒಂದು ಗಂಟೆಯೊಳಗೆ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ ಬೀಳಬೇಕು, ಅದರಲ್ಲಿ ಕನಿಷ್ಠ ಆರು ಗಂಟೆ ಇರಬೇಕು, 72 ಗಂಟೆ ಮೀರಬಾರದು. ಬರೀ ಸಲೈನ್ ನೀರಿನ ಬಾಟಲಿಯಲ್ಲಿ ಹಾಕಿ, ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ ಎಂದು ಯಾರಾದರೂ ಕೈಗೆ ಕೊಟ್ಟರೆ ಒಪ್ಪಬೇಡಿ. ಇಆರ್ ಪ್ರೋಟೀನ್ ಗೆಡ್ಡೆಯಲ್ಲಿ ಇದ್ದರೂ ಪರೀಕ್ಷೆಯಲ್ಲಿ ಇಲ್ಲ ಎಂದು ಬರಬಹುದು, ಆಗ ರೋಗಿಗೆ ಸಿಗಬೇಕಾದ, ಹಾರ್ಮೋನನ್ನು ತಡೆಯುವ ಮಾತ್ರೆ ಸಿಗದೆ ಹೋಗುತ್ತದೆ. ತೆಗೆದ ಸಮಯವನ್ನು ಬಾಟಲಿಯ ಮೇಲೆ ಬರೆಸಿ. ವರದಿ ಬಂದ ಮೇಲೆ ಗೆಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಎಲ್ಲಿದೆ ಎಂದು ಕೇಳಿ ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದರೆ ಮೊದಲು ಕೇಳುವುದು ಅದನ್ನೇ.